ಮಲಗಿದ ಗ್ರಾಫಿಕ್ಸ್ ಕಾರ್ಡ್ ಏಳದೇ ಹೋದಾಗ: ನನ್ನ ಲಿನಕ್ಸ್ ಲ್ಯಾಪ್‌ಟಾಪ್, ಎರಡೂವರೆ ವರ್ಷದ ನಂತರ

ಇದು ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್. ಪ್ರೊಸೆಸರ್ ಒಳಗೇ ಒಂದು ಚಿಕ್ಕದು, ಅದರ ಜೊತೆಗೆ ಬೇರೆ ಒಂದು ದೊಡ್ಡ ಕಾರ್ಡ್. ಕಂಪನಿಯ ಹೆಸರು ಬೇಡ. ಪರದೆ, ಕೀಬೋರ್ಡ್, ಮೆಮೊರಿ ಬಗ್ಗೆ ಬೇಕಾದಷ್ಟು ವಿಮರ್ಶೆ ಬಂದಿವೆ. ನಾನು ಹೇಳಬೇಕಿರುವುದು ಆ ದೊಡ್ಡ ಕಾರ್ಡಿನ ನಿದ್ದೆಯ ಬಗ್ಗೆ ಮಾತ್ರ.

ನನ್ನ ದಿನವೆಲ್ಲ ಟರ್ಮಿನಲ್, ಎಡಿಟರ್, ಬ್ರೌಸರ್‌ನಲ್ಲೇ ಕಳೆಯುತ್ತದೆ. ವಾರಕ್ಕೆ ಎರಡು ಸಲ 3ಡಿ ಚಿತ್ರ ಮಾಡುವ ಬ್ಲೆಂಡರ್ ತೆರೆಯುತ್ತೇನೆ. ಉಳಿದ ಹೊತ್ತು ದೊಡ್ಡ ಕಾರ್ಡಿಗೆ ಕೆಲಸವೇ ಇಲ್ಲ, ಕರೆಂಟ್ ಉಳಿಸಲು ಅದು ಮಲಗಿರಬೇಕು. ಹೊಸದರಲ್ಲಿ ಮಲಗುತ್ತಲೇ ಇರಲಿಲ್ಲ. ಏನೂ ಮಾಡದೆ ಸುಮ್ನೆ ಬಿಟ್ಟರೂ ಕರೆಂಟ್ ಖರ್ಚು ತೋರಿಸುವ ಪವರ್‌ಟಾಪ್‌ನಲ್ಲಿ 17 ವಾಟ್ ಕಾಣುತ್ತಿತ್ತು. ಫ್ಯಾನ್ ಸದಾ ಗುಂಯ್ ಅನ್ನುತ್ತಿತ್ತು.

ಕಾರ್ಡಿನ ಪವರ್ ಫೋಲ್ಡರಿನಲ್ಲಿ ಕಂಟ್ರೋಲ್ ಅನ್ನುವ ಫೈಲ್ ಇದೆ. ಅದರಲ್ಲಿ ‘ಆನ್’ ಇತ್ತು, ‘ಆಟೋ’ ಮಾಡಿದೆ. ಆದರೂ ಮಲಗಲಿಲ್ಲ. ಎಚ್‌ಡಿಎಂಐ ಸೌಂಡಿಗೆ ಅದೇ ಕಾರ್ಡಿನಲ್ಲಿ ಇನ್ನೊಂದು ಸಾಧನ ಇರುತ್ತದೆ, ಅದು ಎಚ್ಚರ ಇದ್ದರೆ ಕಾರ್ಡೂ ಎಚ್ಚರ. ಅದನ್ನೂ ‘ಆಟೋ’ ಮಾಡಿದ ಮೇಲೆ ಕೆಲವೇ ಸೆಕೆಂಡಿನಲ್ಲಿ ಫ್ಯಾನ್ ನಿಂತಿತು. 17 ಇದ್ದದ್ದು 7 ವಾಟ್ ಆಯಿತು. ಕೀಬೋರ್ಡ್ ಮೇಲೆ ಕೈ ಇಟ್ಟರೆ ತಣ್ಣಗೆ. ಆ ದಿನ ಆದ ಖುಷಿ ಲ್ಯಾಪ್‌ಟಾಪ್ ಕೊಂಡ ದಿನವೂ ಆಗಿರಲಿಲ್ಲ.

ಅಂದಿನಿಂದ ಒಂದು ಅಭ್ಯಾಸ ಬೆಳೆಯಿತು. ಬೆಳಿಗ್ಗೆ ಮುಚ್ಚಳ ತೆಗೆದ ತಕ್ಷಣ ‘ರನ್‌ಟೈಮ್ ಸ್ಟೇಟಸ್’ ಫೈಲ್ ನೋಡುತ್ತೇನೆ. ‘ಸಸ್ಪೆಂಡೆಡ್’ ಅಂತ ಇದ್ದರೆ ಸಮಾಧಾನ. ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಹೊಡೆದು ನೋಡಬೇಡಿ, ಅದು ಕಾರ್ಡನ್ನು ಎಬ್ಬಿಸಿಬಿಡುತ್ತದೆ. ಉಷ್ಣತೆ ತೋರಿಸುವ ವಿಜೆಟ್‌ಗಳೂ ಹಾಗೇ. ನನ್ನ ಪ್ಯಾನೆಲ್‌ನಲ್ಲಿ ಅಂಥದ್ದೊಂದು ಇತ್ತು, ತೆಗೆದು ಹಾಕಿದೆ.

ಎರಡನೇ ತಿಂಗಳಲ್ಲಿ ಕಷ್ಟ ಶುರುವಾಯಿತು. ಬ್ಲೆಂಡರ್ ತೆರೆದೆ, ಪರದೆ ಹಾಗೇ ನಿಂತಿತು. ಇನ್ನೊಂದು ಟರ್ಮಿನಲ್‌ಗೆ ಹೋಗಿ ಕರ್ನೆಲ್ (ಲಿನಕ್ಸ್‌ನ ತಿರುಳು) ಲಾಗ್ ನೋಡಿದರೆ, ಕಾರ್ಡನ್ನು ಡಿ3ಕೋಲ್ಡ್ ಅನ್ನುವ ಗಾಢ ನಿದ್ದೆಯಿಂದ ಡಿ0 ಅನ್ನುವ ಪೂರ್ತಿ ಎಚ್ಚರಕ್ಕೆ ತರಲು ಆಗುತ್ತಿಲ್ಲ, ಸಾಧನ ಸಿಗುತ್ತಿಲ್ಲ ಅನ್ನುವ ಸಾಲು. ಎಲ್‌ಎಸ್‌ಪಿಸಿಐನಲ್ಲಿ ಕಾರ್ಡಿನ ಮುಂದೆ ‘ರೆವ್ ಎಫ್‌ಎಫ್’ ಅಂತ ಬಂತು. ಸಾಧನ ಉತ್ತರ ಕೊಡದಿದ್ದರೆ ಓದಿದ ಬಿಟ್‌ಗಳೆಲ್ಲ 1 ಆಗಿಯೇ ಬರುತ್ತವೆ, ಎಫ್‌ಎಫ್ ಅಂದರೆ ಅದೇ. ಶಟ್‌ಡೌನ್ ಕೂಡ ಮುಗಿಯಲಿಲ್ಲ. ಪವರ್ ಬಟನ್ ಒತ್ತಿ ಹಿಡಿದೇ ಆರಿಸಬೇಕಾಯಿತು. ಸೇವ್ ಮಾಡದ ಕೆಲಸ ಹೋಯಿತು.

ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್‌ನದೇ ತಪ್ಪು ಅಂದುಕೊಂಡೆ. ಹಳೆಯದು ಹಾಕಿದೆ, ಹೊಸದು ಹಾಕಿದೆ, ಡಿಸ್ಟ್ರೋ (ಲಿನಕ್ಸ್‌ನ ಬಗೆ) ಕೂಡ ಬದಲಿಸಿದೆ. ನಾಲ್ಕು ತಿಂಗಳು ಹೀಗೇ ಹೋಯಿತು, ಅದು ಈಗಲೂ ಬೇಜಾರು. ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಿದ್ದರಿಂದ ಯಾವುದರಿಂದ ಏನಾಯಿತು ಅಂತ ತಿಳಿಯುತ್ತಲೇ ಇರಲಿಲ್ಲ.

ಆಮೇಲೆ ಓದಿ ಅರ್ಥ ಮಾಡಿಕೊಂಡೆ. ಡಿ3ಹಾಟ್ ಅಂದರೆ ಕಾರ್ಡ್ ಮಲಗಿದೆ, ಆದರೆ ಕರೆಂಟ್ ಇದೆ, ಕರೆದರೆ ಓಗೊಡುತ್ತದೆ. ಡಿ3ಕೋಲ್ಡ್‌ನಲ್ಲಿ ಮುಖ್ಯ ಕರೆಂಟನ್ನೇ ತೆಗೆದುಬಿಡುತ್ತಾರೆ. ನನ್ನದರಂಥ ಲ್ಯಾಪ್‌ಟಾಪ್‌ಗಳಲ್ಲಿ ಕರೆಂಟ್ ತೆಗೆಯುವುದು, ಮತ್ತೆ ಕೊಡುವುದು ಎರಡನ್ನೂ ಕರ್ನೆಲ್ ನೇರವಾಗಿ ಮಾಡುವುದಿಲ್ಲ. ಬಯೋಸ್ (ಯಂತ್ರದಲ್ಲೇ ಇರುವ ಮೂಲ ತಂತ್ರಾಂಶ) ಒಳಗಿರುವ, ಕರೆಂಟ್ ನಿರ್ವಹಿಸುವ ಎಸಿಪಿಐ ಕೋಡಿಗೆ ಹೇಳಿ ಮಾಡಿಸುತ್ತದೆ. ಆ ಕೋಡಿನಲ್ಲಿ ದೋಷ ಇದ್ದರೆ ಕರೆಂಟ್ ಬಂದರೂ ಕಾರ್ಡನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐಇ ಲಿಂಕ್ ಏಳುವುದಿಲ್ಲ. ಡ್ರೈವರ್ ಎಷ್ಟು ಚೆನ್ನಾಗಿದ್ದರೂ ಏನು ಮಾಡೀತು ಅಲ್ವಾ?

ಈ ಸಲ ಒಂದು ವಾರಕ್ಕೆ ಒಂದೇ ಬದಲಾವಣೆ, ನೋಟ್‌ಬುಕ್‌ನಲ್ಲಿ ದಿನವೂ ಬರೆದಿಟ್ಟೆ. ಬೂಟ್ ಸಾಲಿನಲ್ಲಿ ‘ಪಿಸಿಐಇ_ಪೋರ್ಟ್_ಪಿಎಂ=ಆಫ್’ ಹಾಕಿದಾಗ ಎರರ್ ಪೂರ್ತಿ ನಿಂತಿತು. ಕಾರ್ಡ್ ಜೋಡಿಸಿರುವ ಪಿಸಿಐಇ ಪೋರ್ಟೇ ಮಲಗುವುದಿಲ್ಲ, ಹಾಗಾಗಿ ಕರೆಂಟ್ ಹೋಗುವುದಿಲ್ಲ. ಆದರೆ ಈ ಆಯ್ಕೆ ಎಲ್ಲ ಪೋರ್ಟ್‌ಗಳಿಗೂ ತಟ್ಟುತ್ತದೆ. ಮುಂದಿನ ವಾರ ಅದನ್ನು ತೆಗೆದು, ಕಾರ್ಡಿನ ಫೋಲ್ಡರಿನಲ್ಲಿರುವ ‘ಡಿ3ಕೋಲ್ಡ್_ಅಲೌಡ್’ ಫೈಲಿಗೆ 0 ಬರೆದೆ. ಇದು ಆ ಒಂದು ಕಾರ್ಡಿಗೆ ಮಾತ್ರ. ಎರರ್ ಇಲ್ಲ, ಖರ್ಚು 11 ವಾಟ್. ಫ್ಯಾನ್ ಆಗಾಗ ತಿರುಗುತ್ತಿತ್ತು. ರೀಬೂಟ್ ಆದರೆ ಈ 0 ಹೋಗುತ್ತದೆ, ಪ್ರತಿ ಸಲ ತಾನೇ 0 ಹಾಕಲಿ ಅಂತ ಒಂದು ಯುಡೆವ್ ನಿಯಮ ಬರೆದಿಟ್ಟೆ. ಒಂದು ವರ್ಷ ಹೀಗೇ ನಡೆಸಿದೆ. ಬ್ಯಾಟರಿ ಕಡಿಮೆ ಬಂದರೂ ಕೆಲಸ ಹಾಳಾಗಲಿಲ್ಲ.

ಒಂದೂವರೆ ವರ್ಷಕ್ಕೆ ಹೊಸ ಬಯೋಸ್ ಬಂತು. ಎಫ್‌ಡಬ್ಲ್ಯುಅಪ್‌ಡಿ ಮೂಲಕ ಲಿನಕ್ಸ್‌ನಿಂದಲೇ ಹಾಕಿಕೊಂಡೆ. ಬದಲಾವಣೆಯ ಪಟ್ಟಿಯಲ್ಲಿ ‘ಸ್ಥಿರತೆ ಸುಧಾರಿಸಿದೆ’ ಅಂತ ಒಂದೇ ಸಾಲು. ನಂಬಿಕೆ ಇಲ್ಲದೆಯೇ ನಿಯಮ ತೆಗೆದೆ. ದಿನಕ್ಕೆ ಹತ್ತಿಪ್ಪತ್ತು ಸಲ ಕಾರ್ಡನ್ನು ಮಲಗಿಸಿ ಎಬ್ಬಿಸಿದೆ. ಒಂದು ಸಲವೂ ತಪ್ಪಲಿಲ್ಲ. ಅದಾಗಿ ಹತ್ತು ತಿಂಗಳಾಯಿತು, ಲಾಗ್‌ನಲ್ಲಿ ಆ ಸಾಲು ಮತ್ತೆ ಕಂಡಿಲ್ಲ. ಕಂಪನಿಯ ಮೇಲಿದ್ದ ಸಿಟ್ಟು ಅರ್ಧ ಇಳಿದಿದೆ. ಇನ್ನರ್ಧ ಹಾಗೇ ಇದೆ, ಏಕೆಂದರೆ ಇದು ಮೊದಲ ದಿನವೇ ಸರಿ ಇರಬೇಕಿತ್ತು.

ನೀವು ಯಾವಾಗಲೂ ಚಾರ್ಜರ್ ಹಾಕಿಯೇ ಕೆಲಸ ಮಾಡುವವರಾದರೆ ಇಷ್ಟೆಲ್ಲ ಬೇಡ, ಕಂಟ್ರೋಲ್ ಫೈಲಿನಲ್ಲಿ ‘ಆನ್’ ಇಟ್ಟುಬಿಡಿ. ನನ್ನ ಹಾಗೆ ಬ್ಯಾಟರಿಯಲ್ಲೇ ಜಾಸ್ತಿ ಕೂರುವವರು ಮೊದಲು ಬಯೋಸ್ ಹೊಸದು ಇದೆಯಾ ನೋಡಿ, ಡ್ರೈವರ್ ತಂಟೆಗೆ ಆಮೇಲೆ ಹೋಗಿ.

ಒಂದು ಕಿರಿಕಿರಿ ಉಳಿದಿತ್ತು. ಇದರ ಎಚ್‌ಡಿಎಂಐ ಪೋರ್ಟ್ ದೊಡ್ಡ ಕಾರ್ಡಿಗೇ ಜೋಡಿಸಿದೆ. ಮಾನಿಟರ್ ಸಿಕ್ಕಿಸಿದರೆ ಕಾರ್ಡ್ ಮಲಗುವುದೇ ಇಲ್ಲ, ಫ್ಯಾನ್ ಶುರು. ಯುಎಸ್‌ಬಿ-ಸಿ ಪೋರ್ಟ್ ಚಿಕ್ಕ ಗ್ರಾಫಿಕ್ಸ್‌ಗೆ ಸೇರಿದ್ದು ಅಂತ ಕಳೆದ ತಿಂಗಳಷ್ಟೇ ಗೊತ್ತಾಯಿತು. ಈಗ ಮಾನಿಟರ್‌ಗೆ ಅಲ್ಲಿಂದಲೇ ಕೇಬಲ್ ಎಳೆದಿದ್ದೇನೆ, ಮೇಜಿನ ಮೇಲೂ ಸದ್ದಿಲ್ಲ.