ಮಗನ ರೆಮಿಡಿಯಲ್ ಕ್ಲಾಸ್: ಎರಡು ವರ್ಷ ಹೋಗಿ ಬಂದ ಮೇಲೆ

ಮಾನ್ವಿಯಿಂದ ರಾಯಚೂರಿಗೆ ಎರಡು ವರ್ಷದಿಂದ ಪ್ರತಿ ಶನಿವಾರ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಸೇರಿಸಿದಾಗ ಮೂರನೇ ಕ್ಲಾಸ್, ಈಗ ಐದನೇದು. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಅಕ್ಷರ ಓದಿ ಬರೆಯುವುದು ಕಷ್ಟವಾಗುವ ತೊಂದರೆ. ಇಂಥ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದು-ಬರಹ ಕಲಿಸುವ ಸೆಂಟರ್ ಇದು. ಹೆಸರು ಬೇಡ ಬಿಡಿ.

45 ನಿಮಿಷಕ್ಕೆ 400 ರೂಪಾಯಿ. ಶಕ್ತಿ ಯೋಜನೆಯಿಂದ ನನಗೆ ಬಸ್ ಫ್ರೀ, ಅವನಿಗೆ ಹಾಫ್ ಟಿಕೆಟ್. ಕ್ಲಾಸ್ ಮುಗಿದ ಮೇಲೆ ವಗ್ಗಾಣಿ-ಮಿರ್ಚಿ ಕೊಡಿಸದಿದ್ದರೆ ಮುಂದಿನ ವಾರ ಬರುವುದೇ ಇಲ್ಲ ಅಂತಾನೆ. ಅದನ್ನೂ ಫೀಸಿಗೆ ಸೇರಿಸಿಕೊಳ್ಳಿ.

ಮೊದಲ ಆರು ತಿಂಗಳು ಸುಮ್ನೆ ಹೋಯಿತು. ಅಲ್ಲಿದ್ದ ಕಾರ್ಡು, ಪುಸ್ತಕ ಎಲ್ಲ ಇಂಗ್ಲಿಷಿನವು. ಬಿ, ಡಿ ಉಲ್ಟಾ ಬರೆಯುವುದನ್ನೇ ತಿದ್ದುತ್ತಿದ್ದರು. ನನ್ನ ಮಗ ಕನ್ನಡ ಮೀಡಿಯಂ. ಅವನ ಗೋಳು ಒತ್ತಕ್ಷರದ್ದು. 'ಹತ್ತಿ' ಅಂತಿದ್ದರೆ 'ಹತಿ' ಅಂತ ಓದುತ್ತಿದ್ದ. ಪ, ಷ, ವ, ಮ ಎಲ್ಲ ಅವನ ಕಣ್ಣಿಗೆ ಅಣ್ಣತಮ್ಮಂದಿರು. ಹತ್ತಿ ಬಿಡಿಸಲು ಬಂದವರ ಕೂಲಿ ಲೆಕ್ಕ ಬಾಯಲ್ಲೇ ಹೇಳುವ ಹುಡುಗ, ಶಾಲೆಯಲ್ಲಿ ಬೋರ್ಡ್ ಮುಂದೆ ನಿಂತರೆ ಬೆವರುತ್ತಿದ್ದ.

ನಾನು ಜಗಳ ಮಾಡಿದ ಮೇಲೆ ಬೇರೆ ಮೇಡಂ ಒಬ್ಬರಿಗೆ ಕೊಟ್ಟರು. ಅವರು ಊಟದ ತಟ್ಟೆಯಲ್ಲಿ ಮರಳು ಹರಡಿ, ಜೋರಾಗಿ ಹೇಳಿಸುತ್ತಾ ಬೆರಳಲ್ಲಿ 'ತ' ಬರೆಸಿದರು. ಆಮೇಲೆ ಕೆಳಗೆ ಒತ್ತು. 'ಹತ್-ತಿ' ಅಂತ ತೊಡೆ ತಟ್ಟಿ ಪದ ಒಡೆಸಿದರು. ನಾಲ್ಕನೇ ವಾರ ಇವನೇ, "ಅವ್ವಾ, ಇಲ್ಲಿ ನಾಲಿಗಿ ಸಿಕ್ಕೊಂತದ" ಅಂದ. ಒತ್ತು ಇರುವುದು ಅಲ್ಲೇ ಅಲ್ವಾ! ಕಣ್ಣು, ಕಿವಿ, ಬೆರಳು ಒಟ್ಟಿಗೆ ದುಡಿಯಬೇಕು ಅನ್ನುವುದು ಈ ಪದ್ಧತಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಟನ್, ಗಿಲ್ಲಿಂಗ್‌ಹ್ಯಾಮ್ ಅನ್ನುವವರು ಬೆಳೆಸಿದ್ದಂತೆ. ನಮ್ಮ ಮನೆಯಲ್ಲಿ ಅದು ಪರಾತದಲ್ಲಿ ಹರಡಿದ ಜೋಳದ ಹಿಟ್ಟು. ದಿನಾ ಇಪ್ಪತ್ತು ನಿಮಿಷ, ನಾನು ರೊಟ್ಟಿ ಬಡಿಯುವ ಮುಂಚೆ. ನಿಜ ಹೇಳಬೇಕಂದ್ರೆ ಶನಿವಾರದ ಕ್ಲಾಸಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಹಿಟ್ಟೇ.

ಈಗ ಪಾಠ ಓದುತ್ತಾನೆ, ನಿಧಾನಕ್ಕೆ. 'ರಾಷ್ಟ್ರ', 'ಸ್ವಾತಂತ್ರ್ಯ' ಬಂದರೆ ಇನ್ನೂ ನಿಂತುಬಿಡುತ್ತಾನೆ. ಮಾರ್ಕ್ಸ್ ಏರಿದ್ದು ಅಷ್ಟಕ್ಕಷ್ಟೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅಂತ ಮಲಗುವುದು ಮಾತ್ರ ನಿಂತಿದೆ.

ಸಿಟ್ಟು ಬರುವ ಸಂಗತಿಗಳೂ ಇವೆ. 20 ಕ್ಲಾಸಿನ ದುಡ್ಡು ಮೊದಲೇ ಕಟ್ಟಬೇಕು, ಜ್ವರ ಬಂದು ತಪ್ಪಿದರೂ ಹೋಯಿತು. "ಆರು ತಿಂಗಳಲ್ಲಿ ಸರಿ ಹೋಗ್ತಾನೆ" ಅಂದಿದ್ದರು. ಹಾಗೆ ಹೇಳಲೇಬಾರದಿತ್ತು. ಮೂವರು ಟೀಚರ್ ಬದಲಾದರು. ಮರಳಿನ ಮೇಡಂ ಮದುವೆಯಾಗಿ ಹೊಸಪೇಟೆಗೆ ಹೋದರು, ಪುಣ್ಯಕ್ಕೆ ತಟ್ಟೆ ಬಿಟ್ಟು ಹೋಗಿದ್ದಾರೆ.

ಇನ್ನೊಂದನ್ನು ಸೆಂಟರಿನವರು ನನಗೆ ಹೇಳಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಲಿಕಾ ನ್ಯೂನತೆಯೂ ಇದೆ. ಸರ್ಕಾರಿ ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಅದಕ್ಕೆ ಸೆಂಟರಿನ ರಿಪೋರ್ಟ್ ಸಾಲದು. ನಾನು ಅದನ್ನೇ ಲ್ಯಾಮಿನೇಷನ್ ಮಾಡಿಸಿ ಒಂದು ವರ್ಷ ಬೀರುವಿನಲ್ಲಿ ಇಟ್ಟಿದ್ದೆ.

ಐದಕ್ಕೆ ಮೂರು ಸ್ಟಾರ್. ನೀವು ಸೇರಿಸುವುದಾದರೆ ಫೀಸು ಕೇಳುವ ಮುಂಚೆ ಕನ್ನಡದ ಕಾರ್ಡ್ ತೋರಿಸಿ ಅನ್ನಿ.