ಸೀತಾಫಲ ಬೀಜದೆಣ್ಣೆಗೆ 60 ಲೀಟರ್ ಬಯೋಡೀಸೆಲ್ ಘಟಕ: ಟ್ಯಾಂಕ್ ಗಟ್ಟಿ, ವಾಲ್ವ್ ಕಚ್ಚಾ

ಕಲಬುರಗಿಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಮಾಡಿಕೊಡುವ ಘಟಕ ಇದು. ತಳ ಚೂಪಾಗಿರುವ 60 ಲೀಟರಿನ ಸ್ಟೀಲ್ ಟ್ಯಾಂಕ್, 2 ಕಿಲೋವಾಟ್ ಹೀಟರ್, ಎಣ್ಣೆ ತಿರುಗಿಸುವ ಪಂಪ್, ಇಷ್ಟೇ. ಒಂದು ಸಲಕ್ಕೆ 40 ಲೀಟರ್ ಎಣ್ಣೆ, ಅದನ್ನು ಬಯೋಡೀಸೆಲ್ ಮಾಡಲು 8 ಲೀಟರ್ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್). ಅದಕ್ಕಿಂತ ಹೆಚ್ಚು ತುಂಬಬಾರದು. ವೆಲ್ಡಿಂಗ್ ಚೊಕ್ಕವಾಗಿದೆ, ಎಣ್ಣೆ ಬಯೋಡೀಸೆಲ್ ಆಗುವಾಗ ಬೇರೆಯಾಗಿ ಕೆಳಗೆ ಕೂರುವ ಗ್ಲಿಸರಿನ್ ಚೂಪು ತಳದಿಂದ ಪೂರ್ತಿ ಇಳಿಯುತ್ತದೆ.

ತಕರಾರು ಇರುವುದು ಜೊತೆಗೆ ಕೊಡುವ ಕೈಪಿಡಿಯ ಮೇಲೆ. ಯಾವ ಎಣ್ಣೆಯಾದರೂ ಲೀಟರಿಗೆ 7 ಗ್ರಾಂ ಪೊಟ್ಯಾಶಿಯಂ ಹೈಡ್ರಾಕ್ಸೈಡ್ (ಕ್ಷಾರ) ಹಾಕಿ ಅನ್ನುತ್ತದೆ. ಹೊಸ ಬೀಜದ ಎಣ್ಣೆಗೆ ಸರಿ. ಹಸಿ ತಿರುಳಿನ ಸಮೇತ ಮೂಟೆಯಲ್ಲಿ ಕೂತ ಬೀಜದ ಎಣ್ಣೆಯಲ್ಲಿ ಆಮ್ಲ ಏರಿರುತ್ತದೆ, ಹಾಕಿದ ಕ್ಷಾರವನ್ನೆಲ್ಲ ಅದೇ ನುಂಗಿ ಸೋಪು ಮಾಡುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಸಿಗುವುದು ಬರೀ ಗಂಜಿ. ಹಾಗಾಗಿ ಪ್ರತಿ ಸಲ ಅಳೆಯಲೇಬೇಕು: 1 ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಎರಡು ಹನಿ ಫಿನಾಲ್ಫ್ತಲೀನ್ (ಕ್ಷಾರ ಹೆಚ್ಚಾದರೆ ಗುಲಾಬಿಯಾಗುವ ಸೂಚಕ) ಬಿಟ್ಟು, ಲೀಟರ್ ನೀರಿಗೆ 1 ಗ್ರಾಂ ಅದೇ ಕ್ಷಾರ ಕರಗಿಸಿದ ದ್ರಾವಣವನ್ನು ಗುಲಾಬಿ ಬಣ್ಣ ನಿಲ್ಲುವವರೆಗೆ ಹಾಕಿ. 3 ಮಿ.ಲೀ. ಹಿಡಿದರೆ 7ಕ್ಕೆ 3 ಕೂಡಿಸಿ ಲೀಟರಿಗೆ 10 ಗ್ರಾಂ, ಅಂದರೆ ಒಟ್ಟು 400 ಗ್ರಾಂ. 4 ಮಿ.ಲೀ. ದಾಟಿದರೆ ಮೊದಲು ಸಲ್ಫ್ಯೂರಿಕ್ ಆಸಿಡ್ ಮತ್ತು ಮೆಥನಾಲಿನಿಂದ ಆಮ್ಲ ಇಳಿಸದೆ ಮುಂದಕ್ಕೆ ಹೋಗಬೇಡಿ.

ಇನ್ನು ವಾಲ್ವ್. ಹಿತ್ತಾಳೆಯದ್ದು ಹಾಕಿದ್ದಾರೆ. ತಾಮ್ರ ಸೇರಿದ ಲೋಹ ಬಯೋಡೀಸೆಲ್ಲನ್ನು ಬೇಗ ಕೆಡಿಸುತ್ತದೆ. ಸ್ಟೀಲ್ ವಾಲ್ವೇ ಬೇಕು. ಸೀತಾಫಲದೆಣ್ಣೆಯ ಗ್ಲಿಸರಿನ್ ಕಡು ಕಂದು, ಎಣ್ಣೆಯ ಪದರ ತಿಳಿ. ಆ ಗೆರೆ ಕಾಣಲು ವಾಲ್ವಿನ ಕೆಳಗೆ ಗಾಜಿನ ತುಂಡೊಂದು ಇದ್ದರೆ ಸಾಕಿತ್ತು, ಅದೂ ಇಲ್ಲ. ಪಂಪಿನ ಮೋಟಾರ್ ಮಾಮೂಲಿಯದು. ಮೆಥನಾಲ್ ಆವಿಗೆ ಅದರ ಕಿಡಿಯೇ ಸಾಕು. ಬಯಲಲ್ಲಿಡಿ, ಎಣ್ಣೆ 55–60 ಡಿಗ್ರಿ ದಾಟಲು ಬಿಡಬೇಡಿ, ಮೆಥನಾಲ್ 65ರ ಆಸುಪಾಸಿನಲ್ಲೇ ಕುದಿಯುತ್ತದೆ.

ಒಂದು ಗಂಟೆ ತಿರುಗಿಸಿದ ಮೇಲೆ ರಾತ್ರಿಯಿಡೀ ಬಿಟ್ಟು ಗ್ಲಿಸರಿನ್ ಇಳಿಸಿ. ಮೇಲುಳಿದದ್ದರಲ್ಲಿ 3 ಮಿ.ಲೀ. ತೆಗೆದು 27 ಮಿ.ಲೀ. ಮೆಥನಾಲಿನಲ್ಲಿ ಅಲ್ಲಾಡಿಸಿ ನೋಡಿ. ತಳದಲ್ಲಿ ಎಣ್ಣೆ ಹನಿ ಕೂತರೆ ಕೆಲಸ ಇನ್ನೂ ಬಾಕಿ. ಬಯೋಡೀಸೆಲ್ಲಿನಲ್ಲಿ ಉಳಿದ ಸೋಪನ್ನು ತೊಳೆದು ತೆಗೆಯಲು ಶಹಾಬಾದ್, ಚಿತ್ತಾಪುರ ಕಡೆಯ ಬೋರ್ ನೀರು ಬೇಡ. ಸುಣ್ಣದ ಕಲ್ಲಿನ ನೆಲದ ಗಡಸು ನೀರು ಉಳಿದ ಸೋಪಿನ ಜೊತೆ ಸೇರಿ ಬಿಳಿ ಕೆನೆ ಕಟ್ಟುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಉಗುರುಬೆಚ್ಚಗೆ ಮಾಡಿ ಮೆಲ್ಲಗೆ ಚಿಮುಕಿಸಿ.

ಬೀಜ ಪುಡಿ ಮಾಡುವಾಗ ಕನ್ನಡಕ ಕಡ್ಡಾಯ, ಆ ಪುಡಿ ಕಣ್ಣಿಗೆ ಬಿದ್ದರೆ ಉರಿ ಸುಮ್ಮನೆ ಇಳಿಯುವಂಥದ್ದಲ್ಲ. ಹಿಂಡಿ ವಿಷಕಾರಿ, ದನಕ್ಕೆ ಇಡಬಾರದು.

ಮಾವಿನ ಓಟೆಗೂ ಆಗುತ್ತದೆ ಅಂತ ವರ್ಕ್‌ಶಾಪಿನವರು ಹೇಳುತ್ತಾರೆ. ಓಟೆಯ ಒಳಬೀಜದಲ್ಲಿ ಕೊಬ್ಬು ನೂರಕ್ಕೆ ಹತ್ತರ ಸುಮಾರು, ಅದೂ ತಣ್ಣಗಾದರೆ ಹೆಪ್ಪುಗಟ್ಟುವಂಥದ್ದು. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಅದರ ಬಯೋಡೀಸೆಲ್ ಪಂಪ್‌ಸೆಟ್ಟಿನ ಫಿಲ್ಟರ್ ಕಟ್ಟಿಸುತ್ತದೆ. ಅದಕ್ಕಂತ ರೊಕ್ಕ ಹಾಕಬೇಡಿ. ಸೀತಾಫಲಕ್ಕಾದರೆ ತಗೊಳ್ಳಿ, ಸ್ಟೀಲ್ ವಾಲ್ವ್ ಹಾಕಿಕೊಟ್ಟ ಮೇಲೆ.