ತೆಂಗಿನ ಕಡ್ಡಿ, ಪ್ಲಾಸ್ಟಿಕ್ ಕಿಟ್, ಮೊಬೈಲ್ ಆ್ಯಪ್: ಮೂರನೇ ತರಗತಿಯ ಕಳೆಯುವ ಲೆಕ್ಕಕ್ಕೆ ಯಾವುದು?

ಮೂರನೇ ತರಗತಿಯಲ್ಲಿರುವ ಮಗಳಿಗೆ ದಶಕ ಸಹಿತ ವ್ಯವಕಲನವನ್ನು, ಅಂದರೆ ಬಿಡಿ ಸಾಲದಾದಾಗ ಹತ್ತರ ಮನೆಯಿಂದ ತೆಗೆದುಕೊಂಡು ಕಳೆಯುವುದನ್ನು, ಮನೆಯಲ್ಲೇ ಮನದಟ್ಟು ಮಾಡಿಸಲು ಈ ಮಳೆಗಾಲದಲ್ಲಿ ಮೂರು ದಾರಿ ಹಿಡಿದು ನೋಡಿದೆ: ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಗಣಿತ ಕಿಟ್, ಒಂದು ಮೊಬೈಲ್ ಆ್ಯಪ್ ಮತ್ತು ನಮ್ಮ ಹಿತ್ತಲಿನ ತೆಂಗಿನ ಗರಿಯಿಂದ ತೆಗೆದ ಕಡ್ಡಿ. ಗೆದ್ದದ್ದು ಕಡ್ಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಿಟ್ಟಿಗೆ 850 ರೂಪಾಯಿ ಕೊಟ್ಟಾದ ಮೇಲೆ ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾಯಿತು.

52ರಲ್ಲಿ 27 ಕಳೆ ಎಂದರೆ ಮಗಳು 35 ಎಂದು ಬರೆಯುತ್ತಿದ್ದಳು. ಬಿಡಿಯ ಮನೆಯಲ್ಲಿ ಏಳರಿಂದ ಎರಡು ತೆಗೆದು ಐದು, ಹತ್ತರ ಮನೆಯಲ್ಲಿ ಐದರಿಂದ ಎರಡು ತೆಗೆದು ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಹೇಳಿದ್ದನ್ನು ಅವಳು ಒಂದೊಂದು ಮನೆಗೂ ಬೇರೆಬೇರೆಯಾಗಿ ಪಾಲಿಸುತ್ತಿದ್ದಳು. ನಾನು ಕಲಿತಂತೆಯೇ ‘ಪಕ್ಕದ ಮನೆಯಿಂದ ಒಂದು ಸಾಲ ತಾ’ ಎಂದು ಹೇಳಿಕೊಟ್ಟಾಗ, ಆ ಒಂದು ಇಲ್ಲಿಗೆ ಬಂದ ತಕ್ಷಣ ಹತ್ತು ಹೇಗಾಯಿತು, ತಂದ ಸಾಲವನ್ನು ತೀರಿಸುವುದು ಯಾವಾಗ ಎಂದು ಕೇಳಿದಳು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಕಿಟ್ ಬಂತು. ಹಂಗೆರಿ ಮೂಲದ ಗಣಿತಜ್ಞ ಜೋಲ್ಟನ್ ಡೀನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಮಾದರಿ ಅದು: ಒಂದು ಸೆಂಟಿಮೀಟರಿನ ಬಿಡಿ ಘನಗಳು, ಹತ್ತರ ಕೋಲು, ನೂರರ ಚಪ್ಪಟೆ ಹಲಗೆ, ಸಾವಿರದ ದೊಡ್ಡ ಘನ. ಹತ್ತು ಬಿಡಿಗಳನ್ನು ಸಾಲಾಗಿ ಜೋಡಿಸಿ ಪಕ್ಕದಲ್ಲಿ ಕೋಲನ್ನು ಇಟ್ಟರೆ ಎರಡೂ ಸರಿಸಮ ನಿಲ್ಲಬೇಕು. ಒಂದು ಕೋಲನ್ನು ಕೊಟ್ಟು ಹತ್ತು ಬಿಡಿಗಳನ್ನು ಪಡೆಯುವ ವಿನಿಮಯವನ್ನು ಮಗು ಒಪ್ಪುವುದು ಈ ಸಮತೆಯನ್ನು ಕಣ್ಣಾರೆ ಕಂಡಾಗ ಮಾತ್ರ.

ನಮ್ಮ ಕಿಟ್ಟಿನಲ್ಲಿ ಅವು ಸಮ ನಿಲ್ಲಲಿಲ್ಲ. ಹತ್ತು ಬಿಡಿಗಳ ಸಾಲು ಕೋಲಿಗಿಂತ ಮುಂದಕ್ಕೆ ಚಾಚಿಕೊಂಡಿತ್ತು. ಮಗಳು ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿ, “ಅಮ್ಮಾ, ಹತ್ತು ಬಿಡಿ ಹತ್ತಕ್ಕಿಂತ ದೊಡ್ಡದು” ಎಂದಳು. ಸರಿಯಾಗಿ ಒತ್ತಿ ಜೋಡಿಸು ಎಂದು ನಾನು ಗದರಿದೆ. ಅವಳು ಒತ್ತಿದಳು, ಸಾಲು ಬಿಲ್ಲಿನಂತೆ ಬಾಗಿತೇ ಹೊರತು ಗಿಡ್ಡವಾಗಲಿಲ್ಲ. ಕೊನೆಗೆ ಅವಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಇಟ್ಟು ನೋಡಿದರೆ ಕೋಲು 10 ಸೆಂಟಿಮೀಟರ್ ಇತ್ತು, ಬಿಡಿಗಳ ಸಾಲು 10 ಸೆಂಟಿಮೀಟರ್ 3 ಮಿಲಿಮೀಟರ್ ಇತ್ತು. ತಪ್ಪು ನನ್ನದು, ಅವಳದಲ್ಲ.

ಕಾರಣ ತಿಳಿದದ್ದು ಮರುದಿನ, ಜಗಲಿಯ ಬೆಳಕಿನಲ್ಲಿ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದ ಜಾಗದಲ್ಲಿ ಪ್ರತಿ ಬಿಡಿಯ ಒಂದು ಮುಖಕ್ಕೆ ಸಾಸಿವೆಗಿಂತ ಚಿಕ್ಕದಾದ ಮೊನೆಯೊಂದು ಉಳಿದಿತ್ತು. ಒಂದರಲ್ಲಿ ಅದು ಕಣ್ಣಿಗೆ ಬೀಳದು, ಬೆರಳಿಗಷ್ಟೇ ಗೊತ್ತಾಗುತ್ತದೆ. ಹತ್ತು ಮೊನೆಗಳು ಒಟ್ಟು ಸೇರಿದಾಗ ಲೆಕ್ಕವನ್ನೇ ಸುಳ್ಳು ಮಾಡುತ್ತವೆ. ಅಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿತ್ತು, ಮಾರಿದವರು ಫೋಟೋ ಕೇಳಿ ಸುಮ್ಮನಾದರು. ನಾನು ಉಪ್ಪುಕಾಗದ ಹಿಡಿದು ನೂರು ಬಿಡಿಗಳನ್ನೂ ಒಂದೊಂದಾಗಿ ಉಜ್ಜುತ್ತ ನಾಲ್ಕು ಸಂಜೆ ಕುಳಿತೆ. ಉಜ್ಜಿದ ಮೇಲೆ ಅವು ಸಮವಾದವು. ಆದರೆ ಅಮ್ಮ ಉಜ್ಜಿ ಉಜ್ಜಿ ಸಮ ಮಾಡಿದ ಹತ್ತನ್ನು ಮಗಳು ನಂಬಲಿಲ್ಲ.

ಆ್ಯಪಿನ ಬಗ್ಗೆ ಹೆಚ್ಚು ಹೇಳಲು ಇಲ್ಲ. ಎರಡು ಸಲ ತಪ್ಪಿದರೆ ಅದು ಉತ್ತರವನ್ನು ತಾನೇ ತೋರಿಸುತ್ತದೆ ಎಂಬುದನ್ನು ಮಗಳು ಮೊದಲ ದಿನವೇ ಕಂಡುಕೊಂಡಳು. ಪುಷ್ಯ ಮಳೆ ಹಿಡಿದು ಮೂರು ದಿನ ಕರೆಂಟ್ ಇಲ್ಲದಾಗ ಅದರ ಪಾಠ ತಾನಾಗಿಯೇ ನಿಂತಿತು.

ಕಡ್ಡಿಯ ಉಪಾಯ ಹೊಸದೇನೂ ಅಲ್ಲ. ಶಾಲೆಗಳಲ್ಲಿ ಕಡ್ಡಿಗಳ ಕಟ್ಟು ಮಾಡಿ ಎಣಿಸುವುದು ಹಳೆಯ ರೂಢಿ. ಗರಿ ಸೀಳಿ ತೆಗೆದ ಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ನೆನೆಸಿದ ಬಾಳೆ ನಾರಿನಿಂದ ಹತ್ತು ಹತ್ತರ ಕಟ್ಟು ಕಟ್ಟಿದೆವು. ಇಲ್ಲಿಯೂ ನಾನು ಎಡವಿದ್ದುಂಟು. ಹಸಿ ಕಡ್ಡಿಗಳನ್ನೇ ಕಟ್ಟಿದ್ದರಿಂದ ಅವು ಒಣಗಿ ಸಣ್ಣಗಾದಾಗ ಕಟ್ಟು ಸಡಿಲಗೊಂಡು ಒಂದೆರಡು ಜಾರಿ ಬಿದ್ದವು, ಹತ್ತೆಂದು ಇಟ್ಟದ್ದು ಒಂಬತ್ತಾಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ವಾರವಿಟ್ಟು ಒಣಗಿಸಿದ ಮೇಲೆ ಆ ತೊಂದರೆಯೂ ಬೂಷ್ಟಿನ ಕಾಟವೂ ತಪ್ಪಿತು. ಇನ್ನೊಂದು ಮಾತು: ಎಳೆದರೆ ಬಿಚ್ಚುವ ಜೀರುಗುಣಿಕೆಯನ್ನೇ ಹಾಕಬೇಕು. ಬಿಚ್ಚಲಾಗದ ಕಟ್ಟು ಕಿಟ್ಟಿನ ಕೋಲಿಗಿಂತ ಮೇಲಲ್ಲ.

52 ಎಂದರೆ ಐದು ಕಟ್ಟು, ಎರಡು ಬಿಡಿ. ಅದರಿಂದ 27 ತೆಗೆ ಎಂದೆ. ಮೊದಲು ಎರಡು ಕಟ್ಟನ್ನು ಸರಿಸಿಟ್ಟಳು. ಏಳು ಬಿಡಿ ಬೇಕು, ಇರುವುದು ಎರಡು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಇನ್ನೊಂದು ಕಟ್ಟಿನ ನಾರನ್ನು ಸರ್ರನೆ ಎಳೆದಳು. ಹನ್ನೆರಡು ಕಡ್ಡಿಗಳು ಚಾಪೆಯ ಮೇಲೆ ಹರಡಿದವು. ಏಳು ತೆಗೆದಳು, ಐದು ಉಳಿದವು, ಪಕ್ಕದಲ್ಲಿ ಎರಡು ಕಟ್ಟು. “ಇಪ್ಪತ್ತೈದು. ಸಾಲ ಎಲ್ಲಿ ಬಂತಮ್ಮಾ, ಕಟ್ಟು ನಮ್ಮದೇ ಅಲ್ವಾ?” ಎಂದಳು. ಕೋಲನ್ನು ಒಳಗೆ ಕೊಟ್ಟು ಬಿಡಿಗಳನ್ನು ಹೊರಗೆ ತರುವ ಆಟದಲ್ಲಿ ಈ ಮಾತು ಹುಟ್ಟುತ್ತಿರಲಿಲ್ಲ, ಏಕೆಂದರೆ ಅಲ್ಲಿ ಹತ್ತು ಒಡೆಯುವುದೇ ಇಲ್ಲ, ಬದಲಾಗುತ್ತದೆ ಅಷ್ಟೆ.

ಅಡಿಕೆಯನ್ನೂ ಒಂದು ದಿನ ಬಳಸಿ ನೋಡಿದ್ದೆ. ಎಣಿಸಲು ಚೆನ್ನ, ಕಟ್ಟಲು ಬಾರದು, ಉರುಳುತ್ತದೆ. ರಾಶಿ ಇಡಿ ಎಂಬ ದರ್ಜೆಯ ಅಡಿಕೆ ಹೀಗೆ ನೆಲದಲ್ಲಿ ಹೊರಳುವುದನ್ನು ಮಾವನವರಿಂದ ನೋಡಲಾಗಲಿಲ್ಲ.

ಬಾಯಿಲೆಕ್ಕದ ವೇಗಕ್ಕೆ ಆ್ಯಪಿನ ಜಾಗವನ್ನು ಈಗ ಅತ್ತೆಯವರ ಚೌಕಾಬಾರ ತುಂಬಿದೆ. ನಾಲ್ಕು ಕವಡೆ, ಇಪ್ಪತ್ತೈದು ಮನೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಅಜ್ಜಿಯ ಕಾಯಿಯನ್ನು ಕಡಿಯಲು ಇನ್ನೆಷ್ಟು ಬೇಕೆಂದು ಮಗಳು ಬೆರಳು ಮಡಿಸದೆ ಹೇಳುತ್ತಾಳೆ.

ಕಿಟ್ಟಿಗೆ ಸಲ್ಲಬೇಕಾದದ್ದೂ ಇದೆ. ಸಾವಿರವನ್ನು ಕಡ್ಡಿಯಲ್ಲಿ ತೋರಿಸಹೊರಟರೆ ಸೌದೆ ಹೊರೆಯಾದೀತು. ಗುಣಾಕಾರಕ್ಕಂತೂ ಕಡ್ಡಿ ಅದರ ಮುಂದೆ ನಿಲ್ಲದು: 12 ಉದ್ದ, 13 ಅಗಲದ ಆಯತವನ್ನು ತುಂಬಿಸು ಎಂದರೆ ಒಂದು ನೂರರ ಹಲಗೆ, ಐದು ಕೋಲು, ಆರು ಬಿಡಿ ಹಿಡಿಸಿ 156 ಎಂದು ತಾನೇ ಕಾಣುತ್ತದೆ.

ಆದ್ದರಿಂದ ಸ್ಥಾನಬೆಲೆಗೂ ಕಳೆಯುವುದಕ್ಕೂ ಮನೆಯಲ್ಲಿ ಕಡ್ಡಿಯೇ ಸಾಕು. ಶಿವಮೊಗ್ಗದಂಥ ಪೇಟೆಯಲ್ಲಿರುವವರು ಒಂದು ಕಡ್ಡಿ ಪೊರಕೆ ಕೊಂಡರೆ ಎರಡು ಮಕ್ಕಳಿಗಾಗುತ್ತದೆ. ಸಂಜೆ ಮಗುವಿನ ಪಕ್ಕ ಅರ್ಧ ಗಂಟೆ ಚಾಪೆ ಹಾಕಿ ಕುಳಿತುಕೊಳ್ಳುವ ಪುರುಸೊತ್ತು ಇಲ್ಲದ ಮನೆಗೆ ಇದು ಒಗ್ಗದು, ಏಕೆಂದರೆ ಕಟ್ಟು ಬಿಚ್ಚಿದ ಮೇಲೆ ಮತ್ತೆ ಕಟ್ಟಲು ಇನ್ನೊಬ್ಬರ ಕೈ ಬೇಕು. ಕಿಟ್ ಬೇಕೆನಿಸಿದರೆ ನಾಲ್ಕನೇ ತರಗತಿಯವರೆಗೆ ಕಾಯಬಹುದು. ಸರ್ಕಾರಿ ಶಾಲೆಯ ಮಕ್ಕಳಾದರೆ, ಗಣಿತ ಕಲಿಕಾ ಆಂದೋಲನ ಎಂಬ ಸರ್ಕಾರಿ ಶಾಲೆಗಳ ಕಾರ್ಯಕ್ರಮದ ಕಿಟ್ ಶಾಲೆಯಲ್ಲಿದೆಯೇ ಎಂದು ಮೇಷ್ಟ್ರನ್ನು ಮೊದಲು ಕೇಳಿ. ಕೊಳ್ಳುವುದೇ ಆದರೆ, ಪೆಟ್ಟಿಗೆ ಬಂದ ದಿನವೇ ಹತ್ತು ಬಿಡಿಗಳನ್ನು ಕೋಲಿನ ಪಕ್ಕ ಜೋಡಿಸಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿ.